ಮತ್ತೆ ರಾಗಿಯಿಂದ ಶುರು

ಅರವತ್ತರ ಹೊಸ್ತಿಲಲ್ಲಿ ನಾವಿಬ್ಬರೂ ಬೆಂಗಳೂರು ಬಿಟ್ಟು ಪೆನ್ನಾಗರಂಗೆ ಮರಳಿದೆವು. ಗಾರೆ ಕೆಲಸದಲ್ಲಿ ಕೂಡಿಟ್ಟದ್ದನ್ನು ಚೀಟಿ ನುಂಗಿತ್ತು. ಉಳಿದದ್ದು 2020ರ ಲಾಕ್‌ಡೌನಿನಲ್ಲಿ ಕರಗಿತು. ಊರಿನಲ್ಲಿದ್ದದ್ದು ಒಂದೂವರೆ ಎಕರೆ ಖುಷ್ಕಿ ಹೊಲ. ಕಾವೇರಿ ನಮ್ಮದೇ ತಾಲ್ಲೂಕಿನ ಹೊಗೇನಕಲ್‌ನಲ್ಲಿ ಧುಮುಕಿದರೂ ಈ ಹೊಲಕ್ಕೆ ಮಳೆಯೇ ಗತಿ.

ಬಡತನಕ್ಕಿಂತ ನಾಚಿಕೆಯೇ ಹೆಚ್ಚು ಸುಟ್ಟಿತು. ಮುಯ್ಯಿ ಹಾಕಲು ಕಾಸಿಲ್ಲವೆಂದು ಮದುವೆಗಳಿಗೆ ಹೋಗುವುದನ್ನೇ ಬಿಟ್ಟೆವು. ಯಾರಾದರೂ ಲಗ್ನಪತ್ರಿಕೆ ಕೊಟ್ಟಾರೆಂದು ಭಾನುವಾರ ಪೂಜೆ ಮುಗಿದ ಕೂಡಲೇ ದೇವಾಲಯದಿಂದ ಜಾರಿಕೊಳ್ಳುತ್ತಿದ್ದೆವು.

ಕೊನೆಗೊಂದು ದಿನ ಸಾಲವನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದು ಮಕ್ಕಳಿಗೆ ತೋರಿಸಿದೆವು. (ವಾಚಕರೇ, ಅಷ್ಟು ಧೈರ್ಯ ಹೊಲ ಉಳುವುದಕ್ಕೂ ಬೇಕಾಗಲಿಲ್ಲ!) ಕೇಬಲ್ ತೆಗೆಸಿದೆವು. ಒಲೆಯ ಮೇಲೆ ಮುದ್ದೆ, ಹುರುಳಿ ಸಾರು. 2022–23ರ ಹಂಗಾಮಿನಲ್ಲಿ ಸರ್ಕಾರ ಧರ್ಮಪುರಿ ಜಿಲ್ಲೆಯಲ್ಲಿ ರಾಗಿಯನ್ನು ನೇರವಾಗಿ ಕೊಳ್ಳತೊಡಗಿತು, ಕ್ವಿಂಟಾಲಿಗೆ 3,578 ರೂಪಾಯಿ. ನಾವು ಕೊಟ್ಟದ್ದು ನಾಲ್ಕೇ ಕ್ವಿಂಟಾಲು. ನೋಟ್‌ಬುಕ್ಕಿನ ಎರಡು ಹೆಸರು ಹೊಡೆದುಹಾಕಿದೆವು. 2023ರ ಮೇ ತಿಂಗಳಿಂದ ರೇಷನ್ ಅಂಗಡಿಯಲ್ಲಿ 2 ಕಿಲೋ ಅಕ್ಕಿಯ ಬದಲು ರಾಗಿ ಕೊಡತೊಡಗಿದಾಗ, ನಮ್ಮದು ಯಾರ ಮನೆಯ ಮುದ್ದೆಯಾಯಿತೋ ಎಂದು ನಕ್ಕೆವು.

ಕಳೆದ ವರ್ಷ ನೆರೆಮನೆಯ ಹುಡುಗಿಯ ಮದುವೆ. ಐದು ಸೇರು ರಾಗಿ ಹೊತ್ತು ಹೋದೆವು. ಮುಯ್ಯಿ ಬರೆಯುವವರು ಒಮ್ಮೆ ತಲೆಯೆತ್ತಿ ನೋಡಿ, ಹಾಗೆಯೇ ಬರೆದುಕೊಂಡರು.