ಸಹಕಾರ ಸಂಘಕ್ಕೆ ಪಾಠವೇಕೆ ಬೇಕು?

ಬೆಳಗಿನ ಹೊತ್ತು ಹಾಲಿನ ಡೇರಿಯ ಮುಂದೆ ಕ್ಯಾನು, ತಂಬಿಗೆ ಹಿಡಿದು ಸಾಲು ನಿಂತವರನ್ನು ನೀವು ನೋಡಿರುತ್ತೀರಿ. ಹಾಲನ್ನು ಅಳೆಯುತ್ತಾರೆ, ಸ್ವಲ್ಪ ಮಾದರಿ ತೆಗೆಯುತ್ತಾರೆ, ಪಾಸ್ ಪುಸ್ತಕದಲ್ಲಿ ಎರಡು ಮೂರು ಅಂಕಿ ಬರೆದು ಕೊಡುತ್ತಾರೆ. ಆ ಅಂಕಿಗಳನ್ನು ಓದಿ ಅರ್ಥ ಮಾಡಿಕೊಳ್ಳುವವರು ಸಾಲಿನಲ್ಲಿ ಎಷ್ಟು ಮಂದಿ? ಸಹಕಾರ ಶಿಕ್ಷಣ ಎಂಬ ದೊಡ್ಡ ಹೆಸರಿನ ವಿಷಯ ಶುರುವಾಗುವುದು ಈ ಸಣ್ಣ ಪ್ರಶ್ನೆಯಿಂದ. ಪರದೆಯ ಮೇಲಿನ ಮಾತುಕತೆಯಲ್ಲಿ ಇದನ್ನು ಬಿಡಿಸಿ ಹೇಳಲು ಸಮಯ ಸಾಲುವುದಿಲ್ಲ. ಆದ್ದರಿಂದ ಇಲ್ಲಿ ನೋಡೋಣ.

ಮೊದಲು ವಿಜ್ಞಾನ. ನೀರಿನ ಸಾಪೇಕ್ಷ ಸಾಂದ್ರತೆ 1 ಎಂದುಕೊಂಡರೆ ಹಾಲಿನದು ಸುಮಾರು 1.03. ಹಾಲಿಗೆ ನೀರು ಬೆರೆಸಿದರೆ ಸಾಂದ್ರತೆ ಇಳಿಯುತ್ತದೆ, ಲ್ಯಾಕ್ಟೋಮೀಟರ್ ಅದನ್ನು ತೋರಿಸುತ್ತದೆ. ಆದರೆ ಕೆನೆ ಹಾಲಿಗಿಂತ ಹಗುರ. ಕೆನೆ ತೆಗೆದರೆ ಉಳಿದ ಹಾಲಿನ ಸಾಂದ್ರತೆ ಏರುತ್ತದೆ. ಹಾಗಾದರೆ ಒಬ್ಬ ಜಾಣ ಮೊದಲು ಕೆನೆ ತೆಗೆದು, ಅನಂತರ ಅಳತೆಗೆ ತಕ್ಕಷ್ಟು ನೀರು ಬೆರೆಸಿದರೆ? ಲ್ಯಾಕ್ಟೋಮೀಟರ್ ಮೋಸ ಹೋಗುತ್ತದೆ! ಪ್ರಾಮಾಣಿಕನ ಗಟ್ಟಿ ಹಾಲಿಗೂ ಇವನ ತೆಳು ಹಾಲಿಗೂ ಒಂದೇ ಬೆಲೆ ಸಿಗುವುದಾದರೆ, ಗಟ್ಟಿ ಹಾಲು ತರುವವರು ಸಂಘದಲ್ಲಿ ಎಷ್ಟು ದಿನ ಉಳಿದಾರು?

ಈ ತೊಡಕನ್ನು ಬಿಡಿಸಿದ್ದು ರಸಾಯನಶಾಸ್ತ್ರ. 1890ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಸ್ಟೀಫನ್ ಬ್ಯಾಬ್‌ಕಾಕ್ ಹಾಲಿನ ಕೊಬ್ಬನ್ನು ಅಳೆಯುವ ಸುಲಭ ವಿಧಾನವೊಂದನ್ನು ಪ್ರಕಟಿಸಿದರು. ಅದೇ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಗರ್ಬರ್ ಇನ್ನೊಂದು ವಿಧಾನ ಕೊಟ್ಟರು. ಹಾಲಿಗೆ ಗಂಧಕಾಮ್ಲ ಸೇರಿಸಿದರೆ ಅದರ ಪ್ರೋಟೀನು ಕರಗಿ ಕೊಬ್ಬು ಬಿಡಿಯಾಗುತ್ತದೆ. ಗಾಜಿನ ಕೊಳವೆಯನ್ನು ವೇಗವಾಗಿ ತಿರುಗಿಸಿದರೆ ಹಗುರವಾದ ಕೊಬ್ಬು ಒಂದು ಕಡೆ ಸೇರುತ್ತದೆ. ಎಷ್ಟು ಗೆರೆ ಎಂದು ಯಾರು ಬೇಕಾದರೂ ಕಣ್ಣಿಂದ ಓದಬಹುದು. ಬ್ಯಾಬ್‌ಕಾಕ್ ತಮ್ಮ ವಿಧಾನಕ್ಕೆ ಪೇಟೆಂಟ್ ಪಡೆಯಲಿಲ್ಲ. ಈಗ ಅನೇಕ ಡೇರಿಗಳಲ್ಲಿ ಆ ಕೆಲಸವನ್ನು ವಿದ್ಯುನ್ಮಾನ ಯಂತ್ರ ಮಾಡುತ್ತದೆ. ಆದರೆ ತತ್ತ್ವ ಒಂದೇ: ಪರಸ್ಪರ ನಂಬಿಕೆಗೆ ಎಲ್ಲರಿಗೂ ಕಾಣುವ ಅಳತೆ ಬೇಕು. ಅಳತೆ ಇದ್ದರಷ್ಟೇ ಸಾಲದು, ಅದನ್ನು ಓದಬಲ್ಲ ಸದಸ್ಯರೂ ಬೇಕು.

ಈ ಮಾತನ್ನು ಮೊದಲೇ ಮನಗಂಡವರು ಇಂಗ್ಲೆಂಡಿನ ರೋಚ್‌ಡೇಲ್ ಊರಿನ ಕೆಲಸಗಾರರು. 1844ರಲ್ಲಿ 28 ಮಂದಿ ಸೇರಿ 28 ಪೌಂಡ್ ಬಂಡವಾಳದಿಂದ ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ ಮಾರಿದರು. ಕಲಬೆರಕೆಯಿಲ್ಲದ ಸರಕು, ಸರಿಯಾದ ತೂಕ, ಒಬ್ಬರಿಗೆ ಒಂದೇ ಮತ—ಇವು ಅವರ ನಿಯಮಗಳು. ಕೆಲವೇ ವರ್ಷಗಳಲ್ಲಿ ಅವರು ಮಿಗತೆಯ ಶೇಕಡಾ 2.5 ಭಾಗವನ್ನು ಸದಸ್ಯರ ಶಿಕ್ಷಣಕ್ಕೆ ಎತ್ತಿಟ್ಟರು, ಅಂಗಡಿಯ ಮೇಲೆ ವಾಚನಾಲಯ ನಡೆಸಿದರು. ಅದೇ 1844ರಲ್ಲಿ ಡೆನ್ಮಾರ್ಕಿನ ರೋಡಿಂಗ್‌ನಲ್ಲಿ ರೈತರ ಮಕ್ಕಳಿಗಾಗಿ ಮೊದಲ ಜನತಾ ಪ್ರೌಢಶಾಲೆ ಆರಂಭವಾಯಿತು. 1882ರಲ್ಲಿ ಆ ದೇಶದ ಮೊದಲ ಸಹಕಾರಿ ಡೇರಿ ಹುಟ್ಟಿತು. ಡೇರಿಗಳನ್ನು ಕಟ್ಟಿ ನಡೆಸಿದ ಅನೇಕ ರೈತರು ಇಂಥ ಶಾಲೆಗಳಲ್ಲಿ ಕಲಿತವರಾಗಿದ್ದರು.

ನಮ್ಮ ನಾಡಿಗೂ ಇಲ್ಲಿ ಹೆಮ್ಮೆಯ ಸ್ಥಾನವಿದೆ. 1904ರಲ್ಲಿ ಭಾರತದಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. ಮರುವರ್ಷವೇ, 1905ರಲ್ಲಿ, ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸಂಘ ಕಟ್ಟಲಾಯಿತು. ದೇಶದ ಮೊದಲ ಕೃಷಿ ಸಹಕಾರ ಸಂಘವೆಂದು ಅದು ಹೆಸರಾಗಿದೆ. ಸಾಹುಕಾರನ ಬಡ್ಡಿಯಲ್ಲಿ ಸಿಕ್ಕಿದ ರೈತನಿಗೆ ತನ್ನಂಥವರ ಜೊತೆ ಸೇರಿ ಸಾಲ ಪಡೆಯುವ ದಾರಿ ತೆರೆಯಿತು.

ಗುಜರಾತಿನ ಖೇಡಾ ಜಿಲ್ಲೆಯ ಹಾಲು ಉತ್ಪಾದಕರು 1946ರಲ್ಲಿ, ತ್ರಿಭುವನದಾಸ್ ಪಟೇಲರ ನಾಯಕತ್ವದಲ್ಲಿ, ತಮ್ಮದೇ ಒಕ್ಕೂಟ ಕಟ್ಟಿದರು. ಮುಂದೆ ಅಮುಲ್ ಎಂದು ಹೆಸರಾದದ್ದು ಅದೇ. ಎಮ್ಮೆ ಹಾಲಿನಿಂದ ಪುಡಿ ತಯಾರಿಸಲಾಗದು ಎಂಬ ಅಭಿಪ್ರಾಯ ಆಗ ಪರಿಣತರಲ್ಲಿತ್ತು. ಎಚ್.ಎಂ. ದಲಾಯ ಅವರ ಪ್ರಯೋಗಗಳು ಅದನ್ನು ಸುಳ್ಳಾಗಿಸಿದವು. 1955ರಲ್ಲಿ ಆಣಂದದಲ್ಲಿ ಕಾರ್ಖಾನೆಯೇ ಆರಂಭವಾಯಿತು. ಚಳಿಗಾಲದಲ್ಲಿ ಹೆಚ್ಚಾದ ಹಾಲು ಪುಡಿಯಾಗಿ ಉಳಿಯುವಂತಾದಾಗ, ರೈತನ ಹಾಲನ್ನು ಬೇಡವೆಂದು ಹಿಂದಿರುಗಿಸುವ ಪ್ರಮೇಯ ತಪ್ಪಿತು. ಅದೇ ಊರಿನಲ್ಲಿ 1979ರಲ್ಲಿ ಗ್ರಾಮೀಣ ನಿರ್ವಹಣಾ ಸಂಸ್ಥೆ ಸ್ಥಾಪನೆಯಾಯಿತು. 2025ರಲ್ಲಿ ಸಂಸತ್ತಿನ ಕಾಯಿದೆಯ ಮೂಲಕ ಅದು ತ್ರಿಭುವನ್ ಸಹಕಾರಿ ವಿಶ್ವವಿದ್ಯಾಲಯವಾಯಿತು. ಪ್ರಯೋಗಾಲಯ, ತರಗತಿ, ಹಾಲಿನ ಡೇರಿ—ಮೂರೂ ಒಂದೇ ಸರಪಳಿಯ ಕೊಂಡಿಗಳು ಎಂಬುದಕ್ಕೆ ಆಣಂದ ಸಾಕ್ಷಿ.

ಅಂಗಡಿಗೂ ಬ್ಯಾಂಕಿಗೂ ಗ್ರಾಹಕರಿದ್ದಾರೆ, ಅವರಿಗೆಲ್ಲ ಯಾರೂ ಪಾಠ ಹೇಳುವುದಿಲ್ಲ, ಸಹಕಾರ ಸಂಘಕ್ಕೆ ಮಾತ್ರ ಏಕೆ ಎಂದು ನೀವು ಕೇಳಬಹುದು. ಕಾರಣ ಸರಳ. ಅಂಗಡಿ ನಷ್ಟಪಟ್ಟರೆ ಗ್ರಾಹಕ ಪಕ್ಕದ ಅಂಗಡಿಗೆ ಹೋಗುತ್ತಾನೆ. ಸಂಘದ ಸದಸ್ಯ ಗ್ರಾಹಕನೂ ಹೌದು, ಒಡೆಯನೂ ಹೌದು. ಒಂದು ಹಸು ಇದ್ದವಳಿಗೂ ಹತ್ತು ಹಸು ಇದ್ದವನಿಗೂ ಇಲ್ಲಿ ಒಂದೊಂದೇ ಮತ. ಆದರೆ ಲೆಕ್ಕಪತ್ರ ಓದಲು ಬಾರದಿದ್ದರೆ ಆ ಮತದ ಬೆಲೆ ಇನ್ನೊಬ್ಬರ ಕೈಗೆ ಹೋಗುತ್ತದೆ. ಪ್ರಶ್ನೆ ಕೇಳುವವರು ಇಲ್ಲದ ಸಂಘ ನಾಲ್ಕು ಜನರ ಸ್ವತ್ತಾಗಲು ಹೆಚ್ಚು ಕಾಲ ಬೇಡ. ಅದು ಮುಳುಗಿದ ದಿನ ಮೊದಲು ಪೆಟ್ಟು ತಿನ್ನುವುದು ಅದನ್ನೇ ನಂಬಿಕೊಂಡ ಸಣ್ಣ ಸದಸ್ಯರು. ಅಂತಾರಾಷ್ಟ್ರೀಯ ಸಹಕಾರ ಒಕ್ಕೂಟ 1995ರಲ್ಲಿ ಮ್ಯಾಂಚೆಸ್ಟರಿನಲ್ಲಿ ಒಪ್ಪಿದ ಏಳು ತತ್ತ್ವಗಳಲ್ಲಿ ಐದನೆಯದಾಗಿ ಶಿಕ್ಷಣ, ತರಬೇತಿ ಮತ್ತು ಮಾಹಿತಿಯನ್ನು ಇಟ್ಟದ್ದು ಸುಮ್ಮನೆ ಅಲ್ಲ.

ಸಂಶೋಧನೆ ಎಂದೊಡನೆ ದೊಡ್ಡ ವಿಶ್ವವಿದ್ಯಾಲಯವೇ ಬೇಕೆಂದು ಹಿಂಜರಿಯಬೇಡಿ. 2009ರ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಅವರು ನೀರಾವರಿ ಕಾಲುವೆ, ಮೀನುಗಾರಿಕೆ, ಕಾಡುಗಳನ್ನು ಜನ ತಾವೇ ಸೇರಿ ಹೇಗೆ ಕಾಯ್ದುಕೊಳ್ಳುತ್ತಾರೆಂದು ಅಧ್ಯಯನ ಮಾಡಿದರು. ನಿಯಮ ರೂಪಿಸುವಲ್ಲಿ ಬಳಕೆದಾರರಿಗೆ ಪಾಲಿರಬೇಕು, ಪಾಲನೆಯನ್ನು ಗಮನಿಸುವವರು ಅವರಿಗೆ ಉತ್ತರ ಹೇಳುವಂತಿರಬೇಕು—ಇವು ಬಹುಕಾಲ ಬಾಳಿದ ವ್ಯವಸ್ಥೆಗಳಲ್ಲಿ ಅವರು ಕಂಡ ಲಕ್ಷಣಗಳು.

ನಿಮ್ಮ ಊರಿನ ಸಂಘವನ್ನೂ ನೀವು ಹೀಗೆಯೇ ಅಭ್ಯಾಸ ಮಾಡಬಹುದು. ಸದಸ್ಯರು ಎಷ್ಟು? ಅವರಲ್ಲಿ ಮಹಿಳೆಯರು ಎಷ್ಟು? ಕಳೆದ ಸರ್ವಸದಸ್ಯರ ಸಭೆಗೆ ಬಂದವರು ಎಷ್ಟು, ಮಾತನಾಡಿದವರು ಎಷ್ಟು? ಲಾಭದಲ್ಲಿ ಎಷ್ಟು ಮೀಸಲು ನಿಧಿಗೆ, ಎಷ್ಟು ಬೋನಸ್‌ಗೆ ಹೋಯಿತು? ಹಾಲಿನ ಪರೀಕ್ಷೆಯನ್ನು ಸದಸ್ಯರ ಕಣ್ಣೆದುರೇ ಮಾಡುತ್ತಾರೆಯೇ? ಹಿರಿಯರ ಅನುಮತಿ ಪಡೆದು, ವಿನಯದಿಂದ ಕೇಳಿ. ಐದು ವರ್ಷದ ವಾರ್ಷಿಕ ವರದಿಗಳನ್ನು ಪಕ್ಕಪಕ್ಕ ಇಟ್ಟು ಒಂದು ಪಟ್ಟಿ ಮಾಡಿ. ಬಂದ ಉತ್ತರವನ್ನು ಮನೆಯಲ್ಲಿ ಷೇರು ಇರುವ ತಾಯಿಗೋ ಅಜ್ಜನಿಗೋ ಓದಿ ಹೇಳಿ. ಮುಂದಿನ ಸಭೆಯಲ್ಲಿ ಅವರು ಎದ್ದು ನಿಂತು ಒಂದೇ ಒಂದು ಪ್ರಶ್ನೆ ಕೇಳಿದರೂ ನಿಮ್ಮ ಸಂಶೋಧನೆ ಸಾರ್ಥಕ.