ಗಂಧವಿಲ್ಲದ ವಿಷ

ಫ್ರೆಂಚ್ ಕಾದಂಬರಿಕಾರ ಎಮಿಲ್ ಜೋಲಾನನ್ನು ನಮ್ಮಲ್ಲಿ ಹಲವರು ಓದಿದ್ದಾರೆ. ಆತ ಸತ್ತ ಬಗೆಯನ್ನು ಬಲ್ಲವರು ಕಡಿಮೆ. ೧೯೦೨ರ ಸೆಪ್ಟೆಂಬರ್ ೨೮ರ ರಾತ್ರಿ, ಪ್ಯಾರಿಸಿನ ಮನೆಯ ಮಲಗುವ ಕೋಣೆಯಲ್ಲಿ ಥಂಡಿ ಕಳೆಯಲೆಂದು ಬೆಂಕಿ ಹಾಕಿದ್ದರು. ಹೊಗೆ ಹೋಗುವ ದಾರಿ ಕಟ್ಟಿತ್ತು. ನಡುರಾತ್ರಿ ಗಂಡಹೆಂಡಿರಿಬ್ಬರಿಗೂ ಎಚ್ಚರವಾಯಿತು, ಮೈ ನೆಟ್ಟಗಿರಲಿಲ್ಲ. ಆಳುಗಳನ್ನು ಕರೆಯೋಣವೆಂದಳು ಹೆಂಡತಿ. ಉಂಡದ್ದು ಅರಗಿಲ್ಲವಷ್ಟೆ, ಬೆಳಗಾದರೆ ಸರಿಹೋದೀತು ಎಂದು ಜೋಲಾ ತಡೆದ. ಬೆಳಗಿನ ಹೊತ್ತಿಗೆ ಆತ ಉಳಿದಿರಲಿಲ್ಲ, ಹೆಂಡತಿ ಬದುಕಿಕೊಂಡಳು.

ಕೊಂದದ್ದು ಇಂಗಾಲದ ಮಾನಾಕ್ಸೈಡ್ ಎಂಬ ಅನಿಲ. ಸೌದೆ, ಇದ್ದಿಲು, ಅಡುಗೆಯ ಗ್ಯಾಸು, ಪೆಟ್ರೋಲು—ಯಾವುದೇ ಆಗಲಿ, ಸಾಕಷ್ಟು ಗಾಳಿಯಿಲ್ಲದೆ ಉರಿದಾಗ ಇದು ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನು ಆಮ್ಲಜನಕಕ್ಕಿಂತ ೨೦೦ ಪಟ್ಟಿಗೂ ಮಿಗಿಲಾದ ಒಲವಿನಿಂದ ಇದನ್ನು ಹಿಡಿದುಕೊಳ್ಳುತ್ತದೆ; ಉಸಿರಾಡುತ್ತಿದ್ದರೂ ಮಿದುಳಿಗೆ ಪ್ರಾಣವಾಯು ಸಾಲದಾಗುತ್ತದೆ. ತಲೆನೋವು, ಓಕರಿಕೆ, ನಿಶ್ಶಕ್ತಿ—ಎಲ್ಲವೂ ಸಾಮಾನ್ಯ ಕಾಯಿಲೆಯಂತೆ ತೋರುತ್ತವೆ. ಅಪಾಯವನ್ನು ಗುರುತಿಸಬೇಕಾದ ಬುದ್ಧಿಯೇ ಮಂಕಾಗುತ್ತದೆ. ಆದಕಾರಣ ಎಚ್ಚರಿಕೆಯು ಬೆಂಕಿ ಹೊತ್ತಿಸುವ ಮುನ್ನವೇ ಇರತಕ್ಕದ್ದು.

ಪ್ಯಾರಿಸಿನ ಮಾತು ನಮಗೇಕೆ ಎನ್ನಬೇಡಿ. ಮಲೆನಾಡಿನ, ಕೊಡಗಿನ ಚಳಿಯಲ್ಲಿ ಬಾಗಿಲು ಭದ್ರಪಡಿಸಿ, ಕೆಂಡದ ಅಗ್ಗಿಷ್ಟಿಕೆಯನ್ನು ಬಳಿಯಲ್ಲಿಟ್ಟುಕೊಂಡು ಮಲಗುವುದುಂಟು. ಹೊಗೆಯಾಡದ ಕೆಂಡ ನಿರಪಾಯವೆಂಬುದು ಭ್ರಮೆ. ಕೋಣೆಯಲ್ಲಿ ನೀರಿನ ಪಾತ್ರೆಯಿಟ್ಟರೆ ದೋಷ ಹೋಗುವುದೆಂಬುದೂ ಅಷ್ಟೆ. ಮಲಗುವ ಮುನ್ನ ಕೆಂಡವನ್ನು ಮನೆಯ ಹೊರಗಿಡಬೇಕು. ಪಟ್ಟಣಗಳಲ್ಲಿ ಇದೇ ವಿಷ ಗ್ಯಾಸ್ ಗೀಸರಿನ ರೂಪದಲ್ಲಿ ಬಚ್ಚಲುಮನೆ ಹೊಕ್ಕಿದೆ. ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಕೂರಿಸುವುದು ಮೇಲು. ಕಾಲಕಾಲಕ್ಕೆ ಬಲ್ಲವರಿಂದ ಅದರ ಪರೀಕ್ಷೆಯಾಗಬೇಕು. ಜನರೇಟರು ಮನೆಯೊಳಗೆ ಎಂದಿಗೂ ಸಲ್ಲದು. ಮೂಗು ಅರಿಯದ ಈ ಅನಿಲವನ್ನು ಅರಿತು ಕೂಗುವ ಪುಟ್ಟ ಯಂತ್ರವೊಂದು ಈಗ ದೊರೆಯುತ್ತದೆ. ಮಲಗುವ ಕಡೆ ಅದಿದ್ದರೆ ಒಳ್ಳೆಯದು.

ಯಾರಾದರೂ ಕುಸಿದುದು ಕಂಡರೆ ಮೊದಲು ಬಾಗಿಲು ತೆರೆಯಿರಿ, ಅವರನ್ನು ಬಯಲಿಗೆ ತನ್ನಿ, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಚೇತರಿಸಿಕೊಂಡಂತೆ ಕಂಡರೂ ವೈದ್ಯರು ನೋಡಲೇಬೇಕು. ಆಮ್ಲಜನಕವೇ ಇದಕ್ಕೆ ಮದ್ದು.

ಕೊನೆಗೊಂದು ಮಾತು. ಬೆಂಕಿಯಿರುವ ಮನೆಯಲ್ಲಿ ಇಬ್ಬರು ಮೂವರಿಗೆ ಒಮ್ಮೆಲೇ ತಲೆನೋವು ಬಂದರೆ, ಹೊರಗೆ ಹೋದೊಡನೆ ಅದು ಇಳಿದರೆ, ಅಜೀರ್ಣವೆಂದು ಸಮಾಧಾನಪಟ್ಟುಕೊಳ್ಳಬಾರದು. ಆ ರಾತ್ರಿ ಆಳುಗಳ ನಿದ್ದೆ ಕೆಡದಿರಲೆಂದು ಸುಮ್ಮನಾದವನಿಗಿಂತ, ಕರೆಯೋಣವೆಂದ ಹೆಂಡತಿಯ ಮಾತೇ ಸರಿಯಾಗಿತ್ತು.