ನಾಲ್ಕರಲ್ಲಿ ಮೂರು ವಸ್ತು ಅಗ್ಗವಾದರೆ ಆ ಅಂಗಡಿಯೇ ಅಗ್ಗವೇ? ಮಾತೃಕೆ ಲೆಕ್ಕ ಏನು ಹೇಳುತ್ತೆ?

ಎರಡು ಅಂಗಡಿಗಳ ದರಪಟ್ಟಿ ಅಕ್ಕಪಕ್ಕ ಇಟ್ಟು, "ನೋಡಿ, ನಾಲ್ಕರಲ್ಲಿ ಮೂರು ವಸ್ತು ಇಲ್ಲೇ ಕಡಿಮೆ. ಎಲ್ಲರಿಗೂ ಶೇರ್ ಮಾಡಿ" ಎನ್ನುವಂಥ ಸಂದೇಶ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಅದರಲ್ಲಿರುವ ದರಗಳು ನಿಜವೇ ಇರಬಹುದು. ಆದರೂ ಅದನ್ನು ನಂಬಿ ಹೋದವರಿಗೆ ನಷ್ಟವಾಗಬಹುದು. ಹೇಗೆ?

ದರ ಒಂದೇ, ಚೀಟಿ ಬೇರೆ

ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯ ಎರಡು ಮನೆ ತೆಗೆದುಕೊಳ್ಳೋಣ. ಮೊದಲನೆಯದು ರೇಷ್ಮೆ ಹುಳು ಸಾಕುವ ದೊಡ್ಡ ಮನೆ. ಕೂಲಿಯವರಿಗೂ ಅಲ್ಲೇ ಅಡುಗೆ, ಹಾಗಾಗಿ ಅಕ್ಕಿ ಜಾಸ್ತಿ ಬೇಕು. ಎರಡನೆಯದು ಚಿಕ್ಕ ಮನೆ. ಹೊಲದ ರಾಗಿ ಇದೆ, ಮುದ್ದೆಯೇ ಮುಖ್ಯ ಊಟ.

ತಿಂಗಳ ಚೀಟಿ (ಕೆ.ಜಿ.ಗಳಲ್ಲಿ, ಎಣ್ಣೆ ಲೀಟರಿನಲ್ಲಿ):

- ದೊಡ್ಡ ಮನೆ: ಅಕ್ಕಿ 25, ತೊಗರಿಬೇಳೆ 2, ಸಕ್ಕರೆ 2, ಎಣ್ಣೆ 3
- ಚಿಕ್ಕ ಮನೆ: ಅಕ್ಕಿ 5, ತೊಗರಿಬೇಳೆ 3, ಸಕ್ಕರೆ 2, ಎಣ್ಣೆ 3

ದರಗಳು (ಇವು ಲೆಕ್ಕಕ್ಕಾಗಿ ಇಟ್ಟುಕೊಂಡವು, ಇಂದಿನ ಮಾರುಕಟ್ಟೆ ದರವಲ್ಲ):

- ಊರಿನ ಕಿರಾಣಿ ಅಂಗಡಿ: ಅಕ್ಕಿ 52, ಬೇಳೆ 140, ಸಕ್ಕರೆ 46, ಎಣ್ಣೆ 150 ರೂಪಾಯಿ
- ಪೇಟೆಯ ಸೂಪರ್ ಮಾರ್ಕೆಟ್: ಅಕ್ಕಿ 56, ಬೇಳೆ 130, ಸಕ್ಕರೆ 42, ಎಣ್ಣೆ 142 ರೂಪಾಯಿ

ಸೂಪರ್ ಮಾರ್ಕೆಟ್‌ನಲ್ಲಿ ನಾಲ್ಕರಲ್ಲಿ ಮೂರು ವಸ್ತು ಅಗ್ಗ. ಈಗ ಪ್ರತಿ ವಸ್ತುವಿನ ತೂಕವನ್ನು ಅದರ ದರದಿಂದ ಗುಣಿಸಿ ಎಲ್ಲವನ್ನೂ ಕೂಡಿ.

- ದೊಡ್ಡ ಮನೆಗೆ: ಕಿರಾಣಿಯಲ್ಲಿ 1300+280+92+450 = 2122 ರೂ. ಸೂಪರ್ ಮಾರ್ಕೆಟ್‌ನಲ್ಲಿ 1400+260+84+426 = 2170 ರೂ.
- ಚಿಕ್ಕ ಮನೆಗೆ: ಕಿರಾಣಿಯಲ್ಲಿ 260+420+92+450 = 1222 ರೂ. ಸೂಪರ್ ಮಾರ್ಕೆಟ್‌ನಲ್ಲಿ 280+390+84+426 = 1180 ರೂ.

ದೊಡ್ಡ ಮನೆಗೆ ಕಿರಾಣಿ ಅಂಗಡಿಯಲ್ಲಿ 48 ರೂಪಾಯಿ ಉಳಿತಾಯ. ಚಿಕ್ಕ ಮನೆಗೆ ಸೂಪರ್ ಮಾರ್ಕೆಟ್‌ನಲ್ಲಿ 42 ರೂಪಾಯಿ ಉಳಿತಾಯ. ದರ ಎರಡೂ ಮನೆಗೆ ಒಂದೇ, ಉತ್ತರ ಮಾತ್ರ ಬೇರೆ.

ಇದೇ ಮಾತೃಕೆ ಗುಣಾಕಾರ

ನೀವು ಈಗ ಮಾಡಿದ್ದು ದ್ವಿತೀಯ ಪಿಯುಸಿ ಗಣಿತದಲ್ಲಿ ಬರುವ ಮಾತೃಕೆಗಳ ಗುಣಾಕಾರವೇ. ಮಾತೃಕೆ ಅಂದರೆ ಸಾಲುಸಾಲಾಗಿ ಜೋಡಿಸಿದ ಅಂಕಿಗಳ ಚೌಕಟ್ಟು. ಚೀಟಿಯ ಮಾತೃಕೆಯಲ್ಲಿ ಒಂದೊಂದು ಮನೆಗೆ ಒಂದೊಂದು ಅಡ್ಡಸಾಲು, ದರದ ಮಾತೃಕೆಯಲ್ಲಿ ಒಂದೊಂದು ಅಂಗಡಿಗೆ ಒಂದೊಂದು ಕಂಬಸಾಲು. ಅಡ್ಡಸಾಲನ್ನು ಕಂಬಸಾಲಿನ ಜತೆ ಒಂದೊಂದಾಗಿ ಗುಣಿಸಿ ಕೂಡಿದರೆ ಆ ಮನೆಗೆ ಆ ಅಂಗಡಿಯಲ್ಲಿ ಆಗುವ ಬಿಲ್ಲು ಸಿಗುತ್ತದೆ. ಇಂಗ್ಲೆಂಡಿನ ಗಣಿತಜ್ಞ ಆರ್ಥರ್ ಕೇಲಿ 1858ರಲ್ಲಿ ಈ ಗಣಿತವನ್ನು ವ್ಯವಸ್ಥಿತವಾಗಿ ಬರೆದಿಟ್ಟರು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ನಾಲ್ಕೂ ಊರಿನ ಅಂಗಡಿ ಹೋಲಿಸಬೇಕೆ? ನಾಲ್ಕು ಕಂಬಸಾಲು ಬರೆದರಾಯಿತು, ವಿಧಾನ ಅದೇ. ಗೂಗಲ್ ಶೀಟ್ಸ್‌ನಲ್ಲಿ ಇದಕ್ಕೆಂದೇ ಎಂ, ಎಂ, ಯು, ಎಲ್, ಟಿ ಎಂಬ ಐದಕ್ಷರದ ಫಾರ್ಮುಲಾ ಇದೆ.

ಬಸ್ ಚಾರ್ಜ್ ಮರೆಯಬೇಡಿ

ಫಾರ್ವರ್ಡ್ ಹೇಳದ ಇನ್ನೊಂದು ಖರ್ಚು ಪ್ರಯಾಣ. ಪೇಟೆಗೆ ಹೋಗಿಬರಲು 60 ರೂಪಾಯಿ ಎಂದಿಟ್ಟುಕೊಳ್ಳಿ. ಅದನ್ನೂ ಐದನೇ ವಸ್ತುವಾಗಿ ಸೇರಿಸಿ: ಬೇಕಾದದ್ದು 1, ದರ ಕಿರಾಣಿಗೆ 0, ಸೂಪರ್ ಮಾರ್ಕೆಟ್‌ಗೆ 60. ಆಗ ಚಿಕ್ಕ ಮನೆಯ ಸೂಪರ್ ಮಾರ್ಕೆಟ್ ಖರ್ಚು 1240 ರೂ. ಆಗುತ್ತದೆ. ಉಳಿತಾಯ ಹೋಗಿ 18 ರೂಪಾಯಿ ನಷ್ಟವೇ ಆಯಿತು.

ಆದರೆ ಮನೆಯ ಹೆಣ್ಣುಮಕ್ಕಳು ಹೋದರೆ ಲೆಕ್ಕ ಮತ್ತೆ ಬದಲಾಗುತ್ತದೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್‌ನಲ್ಲಿ ಪ್ರಯಾಣ ಉಚಿತ. 60ರ ಜಾಗದಲ್ಲಿ 0 ಬರುತ್ತದೆ, 42 ರೂಪಾಯಿ ಉಳಿಯುತ್ತದೆ. ಖಾಸಗಿ ಬಸ್ ಹತ್ತಿದರೆ ಈ ಲಾಭ ಇಲ್ಲ.

ಲೆಕ್ಕ ತಪ್ಪುವುದು ಎಲ್ಲಿ?

- ಎರಡೂ ಪಟ್ಟಿಯಲ್ಲಿ ವಸ್ತುಗಳು ಅದೇ ಕ್ರಮದಲ್ಲಿರಬೇಕು. ಇಲ್ಲದಿದ್ದರೆ ಅಕ್ಕಿಯ ತೂಕಕ್ಕೆ ಬೇಳೆಯ ದರ ಬೀಳುತ್ತದೆ.
- ಅಳತೆ ಒಂದೇ ಇರಲಿ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ನೋಡಲು ಅಷ್ಟೇ ದೊಡ್ಡದಾದ ಪೊಟ್ಟಣದಲ್ಲಿ 850 ಗ್ರಾಂ ಇರಬಹುದು. ಪೊಟ್ಟಣದ ಮೇಲೆ ಎಂಆರ್‌ಪಿ ಜತೆಗೆ ಗ್ರಾಂ ಅಥವಾ ಕೆ.ಜಿ.ಗೆ ಎಷ್ಟು ಎಂಬ "ಯೂನಿಟ್ ಸೇಲ್ ಪ್ರೈಸ್" ಕೂಡ ಇರುತ್ತದೆ. ಹೋಲಿಸಬೇಕಾದದ್ದು ಅದನ್ನು.
- ಅಕ್ಕಿ, ಬೇಳೆಯ ಗುಣಮಟ್ಟವೂ ಒಂದೇ ಇರಬೇಕು.

ಕೊನೆಯ ಮಾತು

"ಈ ಅಂಗಡಿಯೇ ಎಲ್ಲರಿಗೂ ಅಗ್ಗ" ಎಂಬ ಮಾತು ಬರೀ ದರಪಟ್ಟಿಯಿಂದ ಸಾಬೀತಾಗುವುದಿಲ್ಲ. ದರ ಅಂಗಡಿಯದು, ಚೀಟಿ ನಿಮ್ಮದು; ಎರಡೂ ಸೇರಿದರೇ ಬಿಲ್ಲು. ಮುಂದಿನ ಸಲ ಇಂಥ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮುಂಚೆ ನಿಮ್ಮ ಮನೆಯ ಚೀಟಿ ಪಕ್ಕದಲ್ಲಿಟ್ಟು ಐದು ನಿಮಿಷ ಗುಣಿಸಿ ನೋಡಿ.